ಕೆರೆಯ ದಂಡೆಯ ಮೇಲೆ ನಲವತ್ತು ನಿಮಿಷ

ಕಾಲೆಬನ ಕಾರಿನ ಹಿಂದಿನ ಸೀಟಿನಲ್ಲಿ ಯಾವಾಗಲೂ ಎರಡು ಚೀಲ ಇರುತ್ತಿದ್ದವು. ಒಂದರಲ್ಲಿ ಪಾನಾ, ಸ್ಕ್ರೂಡ್ರೈವರು, ಮೀಟರು, ಪೈಪಿನ ತುಂಡುಗಳು. ಇನ್ನೊಂದರಲ್ಲಿ ಕ್ಯಾಮೆರಾ. ಮೊದಲನೆಯದು ಹೊಟ್ಟೆಪಾಡು. ಎರಡನೆಯದರ ಬಗ್ಗೆ ಯಾರಾದರೂ ಕೇಳಿದರೆ "ಏನೋ ಒಂದ ಹವ್ಯಾಸ ನೋಡ್ರಿ" ಎಂದು ನಕ್ಕು ಮಾತು ಹಾರಿಸಿಬಿಡುತ್ತಿದ್ದ.

ಅವನು ಡಯಾಲಿಸಿಸ್ ಯಂತ್ರಗಳ ರಿಪೇರಿ ಎಂಜಿನಿಯರ್. ವಯಸ್ಸು ನಲವತ್ತಾರು, ಮದುವೆಯಾಗಿರಲಿಲ್ಲ. ಕಂಪನಿಯ ಆಫೀಸು ದೇಶಪಾಂಡೆ ನಗರದಲ್ಲಿ ಬಟ್ಟೆಯಂಗಡಿಯೊಂದರ ಮಹಡಿಯ ಮೇಲೆ, ಬಾಡಿಗೆ ಮನೆ ಬೈರಿದೇವರಕೊಪ್ಪದಲ್ಲಿ. ಆದರೆ ಅವನು ಬಾಳುತ್ತಿದ್ದದ್ದು ರಸ್ತೆಯ ಮೇಲೆಯೇ ಎನ್ನಬೇಕು. ಐದು ಜಿಲ್ಲೆಯ ಆಸ್ಪತ್ರೆಗಳು ಅವನ ಪಾಲಿಗಿದ್ದವು. ಎಲ್ಲಿ ಯಂತ್ರ ನಿಂತರೂ ಅಲ್ಲಿ ಯಾರದೋ ರಕ್ತ ಶುದ್ಧವಾಗದೆ ಕಾಯುತ್ತಿರುತ್ತದೆ. ಹಾಗಾಗಿ ಭಾನುವಾರವೆಂದರೂ ಫೋನು ಬಿಡುತ್ತಿರಲಿಲ್ಲ.

ಫೋಟೋ ತೆಗೆಯಲೆಂದೇ ಅವನು ಯಾವ ಊರಿಗೂ ಹೋದವನಲ್ಲ. ಕೆಲಸಕ್ಕೆ ಹೋದ ಊರಿನಲ್ಲಿ ಮಿಕ್ಕಿದ ಅರ್ಧ ತಾಸನ್ನು ಕ್ಯಾಮೆರಾಕ್ಕೆ ಕೊಡುತ್ತಿದ್ದ. ಕಾರವಾರದಿಂದ ವಾಪಸು ಬರುವಾಗ ಘಟ್ಟದ ತಿರುವಿನಲ್ಲಿ ಗಾಡಿ ನಿಲ್ಲಿಸುವುದು, ಗದಗಿನಲ್ಲಿ ಲಾಡ್ಜಿನಿಂದ ಐದಕ್ಕೇ ಎದ್ದು ಲಕ್ಕುಂಡಿಯ ಗುಡಿಯ ಗೋಡೆಯ ಮೇಲೆ ಬೀಳುವ ಮೊದಲ ಬಿಸಿಲಿಗೆ ಕಾಯುವುದು. ಹನ್ನೆರಡು ವರ್ಷದಲ್ಲಿ ನಲವತ್ತು ಸಾವಿರದಷ್ಟು ಚಿತ್ರ ಸೇರಿದ್ದವು. ಹವ್ಯಾಸಿಗಳ ವಾಟ್ಸಾಪ್ ಗುಂಪಿಗೆ ಒಂದು ಹಾಕಿದರೆ ಹತ್ತು ಹನ್ನೊಂದು ಹೆಬ್ಬೆರಳು ಮೇಲೇಳುತ್ತಿದ್ದವು, ಮಾತು ಒಂದೂ ಇಲ್ಲ. ಧಾರವಾಡದಲ್ಲಿದ್ದ ಅಕ್ಕ ಈವ್ಲಿನ್, ಕ್ರಿಸ್‌ಮಸ್ಸಿಗೆ ಹೋದಾಗ ಅವನ ಲ್ಯಾಪ್‌ಟಾಪ್ ನೋಡಿ, "ಎಲ್ಲಾ ಕಲ್ಲು, ನೀರು, ಆಕಾಶ. ಒಂದ ಮನುಷ್ಯಾರ ಮಾರಿ ಇಲ್ಲಲ್ಲೋ" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಟ್ಟಿದ್ದಳು.

ಆ ಜನವರಿಯಲ್ಲಿ ಅವನು ಲಕ್ಷ್ಮೇಶ್ವರದಲ್ಲಿ ಕೆಲಸ ಮುಗಿಸಿ ಅಲ್ಲೇ ಉಳಿದ. ಮರುದಿನ ನಸುಕಿನಲ್ಲಿ ಮಾಗಡಿ ಕೆರೆಯ ದಂಡೆಗೆ ಹೋಗಿ ಕೂತ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆಯ ಬಾತುಗಳು ಹೊಲಗಳಲ್ಲಿ ಮೇದು ಬೆಳಿಗ್ಗೆ ಕೆರೆಗಿಳಿಯುತ್ತವೆ. ಸಾವಿರಾರು ಹಕ್ಕಿ ಒಟ್ಟಿಗೆ ಇಳಿಯುವ ಆ ಗಳಿಗೆಗಾಗಿ ಮೂರು ವರ್ಷದಿಂದ ಕಾದಿದ್ದ; ಪ್ರತಿ ಸಲ ಏನಾದರೊಂದು ಅಡ್ಡ ಬಂದಿತ್ತು.

ಆರೂವರೆಗೆ ಫೋನು ಬಂತು. ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಸಿಸ್ಟರ್ ಸುಹಾಸಿನಿ.

"ಸರ್, ನೀರಿನ ಪ್ಲಾಂಟಿನ ಪಂಪ್ ನಿಂತ ಬಿಟ್ಟೈತ್ರಿ. ಐದೂ ಮಷೀನಿಗೆ ನೀರಿಲ್ಲ, ಎಲ್ಲಾ ಬಂದ್. ಮೊದಲನೇ ಬ್ಯಾಚಿನ ಮಂದಿ ಬರಾಕತ್ತಾರ."

"ಲಕ್ಷ್ಮೇಶ್ವರದ ಹಂತ್ಯಾಕ ಇದ್ದೇನ್ರಿ ಸಿಸ್ಟರ್. ಈಗ ಹೊಂಟೆ."

ಹೊರಡಲಿಲ್ಲ. ಹತ್ತು ನಿಮಿಷ, ಅಷ್ಟೇ, ಎಂದುಕೊಂಡ. ಪೂರ್ವದಲ್ಲಿ ಕೆಂಪು ಒಡೆಯುತ್ತಿತ್ತು. ದೂರದ ಹೊಲಗಳ ಕಡೆಯಿಂದ ಹಕ್ಕಿಗಳ ಕೂಗು ಕೇಳುತ್ತಿತ್ತು, ಬರುತ್ತಿರಲಿಲ್ಲ. ಇನ್ನು ಐದು ನಿಮಿಷ. ಇನ್ನು ಐದು. ಏಳೂ ಹತ್ತಕ್ಕೆ ಆಕಾಶದ ಅಂಚಿನಲ್ಲಿ ಗೆರೆಯೊಂದು ಮೂಡಿತು, ಗೆರೆ ಹರಿದು ನೂರು ಗೆರೆಯಾಯಿತು, ಆಮೇಲೆ ಇಡೀ ಕೆರೆಯ ಮೇಲೆ ರೆಕ್ಕೆಯೇ ರೆಕ್ಕೆ. ಕಾಲೆಬ ಮೊಣಕಾಲ ಮಟ್ಟದ ನೀರಿಗಿಳಿದು ಒಂದೇ ಸಮನೆ ಫೋಟೋ ತೆಗೆದ. ಕಾರಿನತ್ತ ಓಡುತ್ತ ಒಬ್ಬನೇ ನಕ್ಕ. ಅಂಥ ಖುಷಿ ಅವನಿಗಾಗಿ ಬಹಳ ದಿನವಾಗಿತ್ತು.

ಆಸ್ಪತ್ರೆ ಮುಟ್ಟಿದಾಗ ಎಂಟೂವರೆ. "ಗಾಡಿ ಪಂಕ್ಚರ್ ಆಗಿತ್ರಿ" ಎಂದ. ಸುಹಾಸಿನಿ ಅವನ ಒದ್ದೆ ಪ್ಯಾಂಟು ನೋಡಿ ಪ್ಲಾಂಟಿನ ಕೋಣೆಯ ಬಾಗಿಲು ತೆರೆದಳು. ಪಂಪು ಬದಲಿಸಿ ಯಂತ್ರಗಳನ್ನು ಹಚ್ಚುವಷ್ಟರಲ್ಲಿ ಒಂಬತ್ತೂವರೆ. ಹನ್ನೊಂದೂವರೆಗೆ ಶುರುವಾಗಬೇಕಿದ್ದ ಎರಡನೇ ಬ್ಯಾಚು ಎರಡಕ್ಕೆ ಹೋಯಿತು. ಹೊಸ ಪಂಪು ನೆಟ್ಟಗಿದೆಯೋ ಇಲ್ಲವೋ ನೋಡಲು ಅವನು ಸಂಜೆಯವರೆಗೆ ಅಲ್ಲೇ ಉಳಿದ.

ಎರಡನೇ ಬ್ಯಾಚಿನಲ್ಲಿ ಸಂಗವ್ವ ಎಂಬ ಅರವತ್ತರ ಹೆಂಗಸಿದ್ದಳು. ನವಲಗುಂದದ ಕಡೆಯ ಹಳ್ಳಿಯವಳು, ವಾರಕ್ಕೆ ಮೂರು ದಿನ ಒಬ್ಬಳೇ ಬಸ್ಸಿಗೆ ಬರುತ್ತಿದ್ದಳು. ಅವಳ ಊರಿಗೆ ಹೋಗುವ ಕೊನೆಯ ಬಸ್ಸು ಸಂಜೆ ಆರಕ್ಕೆ. ಅವಳ ಕೈಯಿಂದ ಸೂಜಿ ತೆಗೆದದ್ದು ಆರೂ ಹತ್ತಕ್ಕೆ.

"ಬಸ್ ಹೋತೇನ್ರಿ ಅಕ್ಕಾರ?" ಎಂದು ಅವಳು ಸುಹಾಸಿನಿಯನ್ನು ಕೇಳಿದ್ದು ಕಾಲೆಬನಿಗೆ ಕೇಳಿಸಿತು. ಲೆಕ್ಕ ಅವನ ತಲೆಯಲ್ಲಿ ತಾನಾಗಿಯೇ ಆಯಿತು. ನಲವತ್ತು ನಿಮಿಷ ಮೊದಲು ಬಂದಿದ್ದರೆ ಐದೂವರೆಗೆ ಅವಳು ಏಳುತ್ತಿದ್ದಳು. ಕೆಳಗೆ ಕಾರು ನಿಂತಿತ್ತು, ಅವಳನ್ನು ಊರಿಗೆ ಬಿಟ್ಟು ಬರಬಹುದಿತ್ತು. ಅಷ್ಟರಲ್ಲಿ ಹಾವೇರಿಯಿಂದ ಕರೆ ಬಂತು. ಅವನು ಚೀಲ ಎತ್ತಿಕೊಂಡು ಹೊರಟುಬಿಟ್ಟ.

ಸಂಗವ್ವ ಆ ರಾತ್ರಿ ಆಸ್ಪತ್ರೆಯ ಕಾರಿಡಾರಿನ ಮರದ ಬಾಕಿನ ಮೇಲೆ ಸೆರಗು ಹೊದ್ದು ಮಲಗಿದಳೆಂದು ನಾಲ್ಕು ದಿನದ ಮೇಲೆ ಸುಹಾಸಿನಿ ಫೋನಿನಲ್ಲಿ ಬೇರೇನೋ ಹೇಳುತ್ತ ಹೇಳಿದಳು.

ಬಾತುಗಳ ಚಿತ್ರ ಚೆನ್ನಾಗಿಯೇ ಬಂದಿತ್ತು. ಗುಂಪಿಗೆ ಹಾಕಲು ಮನಸ್ಸಾಗಲಿಲ್ಲ. ಲ್ಯಾಪ್‌ಟಾಪ್ ತೆರೆದಾಗಲೆಲ್ಲ ರೆಕ್ಕೆಗಳ ನಡುವೆ ಆ ಬಾಕು ಕಾಣುತ್ತಿತ್ತು. ಎರಡು ವಾರದ ಮೇಲೆ, ಯಾವ ಕರೆಯೂ ಇಲ್ಲದೆ, ಪಂಪು ನೋಡುವ ನೆಪ ಮಾಡಿ ಅವನು ಆಸ್ಪತ್ರೆಗೆ ಹೋದ. ಸಂಗವ್ವ ಕಿಟಕಿಯ ಕಡೆಯ ಹಾಸಿಗೆಯಲ್ಲಿದ್ದಳು. ಉಳಿದ ನಾಲ್ವರ ಪಕ್ಕದಲ್ಲೂ ಮಗನೋ ಸೊಸೆಯೋ ಕೂತಿದ್ದರು. ಅವಳ ಸ್ಟೂಲಿನ ಮೇಲೆ ನೀರಿನ ಬಾಟಲಿ ಮಾತ್ರ ಇತ್ತು.

"ಅವ್ವಾರ, ನಾ ಮಷೀನ್ ರಿಪೇರಿ ಮಾಡಾಂವರಿ," ಎಂದ.

"ಗೊತ್ತೈತಿ ಬಿಡ್ರಿ ಸಾಹೇಬ್ರ."

"ಅವತ್ತ ನಿಮ್ಮ ಬಸ್ ತಪ್ಪಿತ್ತಲ್ರಿ. ಗಾಡಿ ಪಂಕ್ಚರ್ ಆಗಿರ್ಲಿಲ್ರಿ. ನಾ ಕೆರಿ ದಂಡಿಮ್ಯಾಲೆ ಕುಂತಿದ್ದೆ. ಹಕ್ಕಿ ಫೋಟೋ ತಗ್ಯಾಕ."

ಸಂಗವ್ವ ಅವನ ಮುಖವನ್ನೇ ನೋಡಿದಳು. ಬೈಯಲಿ ಎಂದು ಅವನು ಕಾಯುತ್ತಿದ್ದ.

"ಎಲ್ಲೈತಿ ಅದು?"

"ಏನ್ರಿ?"

"ಫೋಟೋ. ತೋರಸ್ರಿ ನೋಡೂಣು, ಯಾತರ ಸಲವಾಗಿ ನನ್ನ ಬಾಕಿನಮ್ಯಾಲೆ ಮಲಗಸೀರಿ."

ಮೊಬೈಲಿನಲ್ಲಿದ್ದುದನ್ನು ತೋರಿಸಿದ. ಸೂಜಿಯಿಲ್ಲದ ಕೈಯಲ್ಲಿ ಅವಳು ಮೊಬೈಲು ಹಿಡಿದು ಹತ್ತಿರ ತಂದಳು, ದೂರ ಹಿಡಿದಳು.

"ಇವ ಏನು! ನಮ್ಮ ಹೊಲಕ್ಕೂ ಬರ್ತಾವ. ಕಡ್ಲಿ ತಿಂದ ಹಾಳ ಮಾಡಿ ಹೊಕ್ಕಾವ. ಇವನ್ನ ನೋಡಾಕ ನೀರಾಗ ನಿಂತಿದ್ರೇನು?"

ಕಾಲೆಬನಿಗೆ ನಗು ಬಂತು. ಅವಳೂ ನಕ್ಕಳು. "ಮತ್ತೇನ ಅದಾವು?" ಎಂದಳು. ಆ ದಿನ ಅವನು ಮುಕ್ಕಾಲು ತಾಸು ಕೂತ.

ಅಲ್ಲಿಂದ ಮುಂದೆ ಅದೊಂದು ರೂಢಿಯಾಯಿತು. ಹುಬ್ಬಳ್ಳಿಯಲ್ಲಿದ್ದ ದಿನ ಅವಳ ಪಾಳಿ ಇದ್ದರೆ ಹೋಗುತ್ತಿದ್ದ. ನೀರಿನ ಬಾಟಲಿ ಕೆಳಗಿಟ್ಟು ಸ್ಟೂಲಿನ ಮೇಲೆ ಕೂರುತ್ತಿದ್ದ. ಸಾಹೇಬ್ರು ಎನ್ನುವವಳು ಒಂದು ತಿಂಗಳಲ್ಲಿ ತಮ್ಮಾ ಎನ್ನತೊಡಗಿದಳು, ಅವನು ಯವ್ವಾ ಎನ್ನತೊಡಗಿದ. ಸಂಗವ್ವನ ಪ್ರಶ್ನೆಗಳು ಬೇರೆಯೇ ಥರದವು. ಗುಡಿಯ ಚಿತ್ರ ತೋರಿಸಿದರೆ, "ಇದರ ಮುಂದ ಚಾದ ಅಂಗಡಿ ಐತೇನು? ಯಾರು ನಡಸ್ತಾರ?" ನದಿಯ ಚಿತ್ರ ತೋರಿಸಿದರೆ, "ಈ ದಂಡಿಗೆ ಏನ ಬಿತ್ತತಾರ?" ಅವನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಮುಂದಿನ ಸಲ ಆ ಊರಿಗೆ ಹೋದಾಗ ಕೇಳಿಕೊಂಡು ಬರುತ್ತಿದ್ದ. ಹಾಗೆ ಕೇಳುತ್ತ ಕೇಳುತ್ತ ಚಾದ ಅಂಗಡಿಯ ಹೆಂಗಸು, ದೋಣಿ ನಡೆಸುವವನು, ಮೆಣಸಿನಕಾಯಿ ಒಣಹಾಕುವವರು ಅವನ ಕ್ಯಾಮೆರಾಕ್ಕೆ ಬಂದರು. ಅವರ ಹೆಸರುಗಳನ್ನು ಬರೆದಿಡಲು ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್ಕು ಬಂತು.

ಅವಳು ಸಮುದ್ರ ನೋಡಿರಲಿಲ್ಲ. ಜೂನಿನಲ್ಲಿ ಕಾರವಾರದ ಕೆಲಸ ಬಂದಾಗ ಮಳೆಯಲ್ಲೇ ದಂಡೆಗೆ ಹೋಗಿ, ಮೀನು ಆರಿಸುತ್ತಿದ್ದ ಹೆಂಗಸರನ್ನೂ ಬಂಡೆಗೆ ಕಟ್ಟಿದ ದೋಣಿಗಳನ್ನೂ ಕ್ಯಾಮೆರಾದಲ್ಲಿ ಹಿಡಿದುಕೊಂಡು ಬಂದ. ಕಾರವಾರದ ಕೆಲಸದ ಹಿಂದೆ ಬೆಳಗಾವಿಯದು ಬಂತು, ಅದರ ಹಿಂದೆ ಬಾಗಲಕೋಟೆಯದು. ಐದು ವಾರ ಹುಬ್ಬಳ್ಳಿಯಲ್ಲಿ ಕಾಲು ನಿಲ್ಲಲಿಲ್ಲ. ಕಾರು ಓಡಿಸುವಾಗ, ಅವಳು ಏನು ಕೇಳಬಹುದು, ತಾನು ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಿದ್ದ.

ಆಗಸ್ಟ್ ಮೊದಲ ವಾರ ಹೋದಾಗ ಕಿಟಕಿಯ ಕಡೆಯ ಹಾಸಿಗೆಯಲ್ಲಿ ಒಬ್ಬ ಗಂಡಸು ಮಲಗಿದ್ದ. ಕಾಲೆಬ ಬಾಗಿಲಲ್ಲೇ ನಿಂತ. ಇಂಥ ವಾರ್ಡುಗಳಲ್ಲಿ ಹಾಸಿಗೆ ಬದಲಾಗುವುದನ್ನು ಅವನು ಬಹಳ ಕಂಡಿದ್ದ.

ಸುಹಾಸಿನಿ ಅವನ ಮುಖ ನೋಡಿ ಅವಸರದಿಂದ ಹೇಳಿದಳು, "ಏನಿಲ್ರಿ ಸರ್, ಆರಾಮದಾರ. ಅವರ ತಾಲೂಕಿನ ದವಾಖಾನ್ಯಾಗ ಎರಡ ಮಷೀನ್ ಬಂದಾವಂತ. ಮನಿಯಿಂದ ಹತ್ತ ನಿಮಿಷದ ದಾರಿ. ಸೊಸಿ ಸ್ಕೂಟರಿನಮ್ಯಾಲೆ ಕರಕೊಂಡ ಹೊಕ್ಕಾಳಂತ."

"ಛಲೋ ಆತು," ಎಂದ ಕಾಲೆಬ. ಚೀಲ ಹೆಗಲಿಗೇರಿಸಿಕೊಳ್ಳುತ್ತ, "ಛಲೋ ಆತ ಬಿಡ್ರಿ," ಎಂದು ಮತ್ತೊಮ್ಮೆ ಅಂದ.

ಖರೇನೇ ಛಲೋ ಆಗಿತ್ತು. ಬಸ್ಸಿಗೆ ಓಡುವುದಿಲ್ಲ, ಬಾಕಿನ ಮೇಲೆ ಮಲಗುವುದಿಲ್ಲ. ಅಲ್ಲಿಯ ಯಂತ್ರಗಳು ಬೇರೆ ಕಂಪನಿಯವು. ಅವನಿಗೆ ಅಲ್ಲಿ ಯಾವ ಕೆಲಸವೂ ಬರುವಂತಿರಲಿಲ್ಲ. ಕಾರಿನಲ್ಲಿ ಕೂತು ಸಮುದ್ರದ ಚಿತ್ರಗಳನ್ನು ಒಮ್ಮೆ ತಾನೇ ನೋಡಿದ. ಸತ್ತವರಿಗಾಗಿ ಅಳಬಹುದು. ಒಬ್ಬರಿಗೆ ಒಳ್ಳೆಯದಾಯಿತೆಂದು ಅಳುವುದು ಹೇಗೆ?

ಎರಡು ತಿಂಗಳು ಕ್ಯಾಮೆರಾ ಚೀಲದಲ್ಲೇ ಉಳಿಯಿತು. ಅಕ್ಟೋಬರಿನಲ್ಲಿ ಒಂದು ಭಾನುವಾರ ಹೇಗೋ ಫೋನು ಸುಮ್ಮನಿತ್ತು. ಧಾರವಾಡದ ಸ್ಟುಡಿಯೋದಲ್ಲಿ ಹಿಂದಿನ ದಿನವೇ ಹಾಕಿಸಿಟ್ಟಿದ್ದ ಮೂವತ್ತು ಪ್ರಿಂಟುಗಳನ್ನು ತೆಗೆದುಕೊಂಡು ಅವನು ನವಲಗುಂದದ ದಾರಿ ಹಿಡಿದ.

ಸಂಗವ್ವನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವಳು ಕಟ್ಟೆಯ ಮೇಲೆ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತ ಕೂತಿದ್ದಳು. ಕೆನ್ನೆಗಳು ತುಂಬಿದ್ದವು. ಒಂದು ಕ್ಷಣ ಅವಳಿಗೆ ಅವನ ಗುರುತು ಸಿಗಲಿಲ್ಲ, ಆಮೇಲೆ ಮುಖವರಳಿ, "ಯವ್ವಾ, ಮಷೀನ್ ಸಾಹೇಬ್ರು ಬಂದಾರ! ಮಹಾಂತಾ, ಖುರ್ಚಿ ತಗೊಂಬಾ!" ಎಂದು ಒಳಗೆ ಕೂಗಿದಳು.

ಮಗ ಮಹಾಂತಯ್ಯ ಖುರ್ಚಿ ತಂದ, ಸೊಸೆ ದೇವಕ್ಕ ಚಾ ತಂದಳು. ಊಟ ಮಾಡದೆ ಬಿಡುವುದಿಲ್ಲವೆಂದು ರೊಟ್ಟಿ, ಜುಣಕ ಬಡಿಸಿದರು. ಮನೆ ತುಂಬ ಮಂದಿ. ಟಿವಿ ನಡೆದಿತ್ತು. ಪಕ್ಕದ ಮನೆಯವಳು ಜರಡಿ ಕೇಳಲು ಬಂದು ಕೂತೇಬಿಟ್ಟಳು. ಫೋಟೋಗಳು ಕೈಯಿಂದ ಕೈಗೆ ಹೋದವು. "ಇದ ಗೋವಾ ಏನ್ರಿ?" ಎಂದ ಮಹಾಂತಯ್ಯ, ಉತ್ತರಕ್ಕೆ ಕಾಯದೆ ಮುಂದಿನವನಿಗೆ ಕೊಟ್ಟ. ಸಮುದ್ರದ ಚಿತ್ರ ಸಂಗವ್ವನ ಕೈಗೆ ಬಂದಾಗ ಕಾಲೆಬ ಖುರ್ಚಿಯಲ್ಲಿ ಮುಂದೆ ಬಾಗಿದ. "ಎಷ್ಟ ನೀರೋ ಮಾರಾಯಾ," ಎಂದಳು ಅವಳು. ಅಷ್ಟರಲ್ಲಿ ಮೊಮ್ಮಗಳು ಜಡೆ ಎಳೆಯುತ್ತಿದೆಯೆಂದು ಅತ್ತಳು. ಚಿತ್ರವನ್ನು ಮೊಣಕಾಲ ಕೆಳಗಿಟ್ಟು ಅವಳು ಜಡೆಗೆ ತಿರುಗಿದಳು. ದೋಣಿ ಯಾರದೆಂದು ಕೇಳಲಿಲ್ಲ. ಅವನ ನೋಟ್‌ಬುಕ್ಕಿನಲ್ಲಿ ಹೆಸರಿತ್ತು.

ಹೊರಡುವಾಗ ಕಾರಿನವರೆಗೆ ಅವಳೇ ಬಂದಳು. ಪ್ರಿಂಟುಗಳನ್ನು ಪೇಪರಿನಲ್ಲಿ ಅಚ್ಚುಕಟ್ಟಾಗಿ ಸುತ್ತಿ ತಂದಿದ್ದಳು.

"ಇಟ್ಟಕೊಳ್ಳಬೇ ಯವ್ವಾ. ನಿನಗಂತನ ತಂದೇನಿ."

"ಬ್ಯಾಡ ತಮ್ಮಾ, ಹುಡುಗೂರು ಹರದ ಹಾಕ್ತಾವ. ಒಂದ ಇಟ್ಟಕೊಂಡೇನಿ, ಆ ಚಾದ ಅಂಗಡಿಯಾಕಿ. ನಮ್ಮ ತಂಗಿ ಕಾಳವ್ವನಂಗ ಅದಾಳ." ಅವಳು ಕಾರಿನ ಬಾಗಿಲ ಮೇಲೆ ಕೈಯಿಟ್ಟಳು. "ಅಲ್ಲೆ ನಾಕ ತಾಸ ಮ್ಯಾಲಿನ ಫ್ಯಾನ್ ನೋಡಿ ನೋಡಿ ಹುಚ್ಚ ಹಿಡಿಯೂದೊಂದ ಬಾಕಿ ಇತ್ತು. ನೀ ಬಂದ್ರ ಹೊತ್ತ ಸರೀತಿತ್ತು. ಈಗ ದೇವಕ್ಕ ಬಾಜೂಕ ಕುಂತಿರ್ತಾಳ, ಇಬ್ಬರೂ ಊರ ಸುದ್ದಿ ಮಾತಾಡ್ತೇವಿ." ಆಮೇಲೆ ಕೇಳಿದಳು, "ನಿನ್ನ ಮನ್ಯಾಗ ಯಾರ್ಯಾರ ಅದಾರ? ನಾ ಕೇಳೇ ಇಲ್ಲ ನೋಡು."

"ಯಾರೂ ಇಲ್ಲಬೇ. ನಾ ಒಬ್ಬನ."

ಸಂಗವ್ವ ಅವನನ್ನು ನೋಡಿದಳು, ಪೇಪರಿನ ಕಟ್ಟನ್ನು ನೋಡಿದಳು. ಒಳಗಿನಿಂದ ದೇವಕ್ಕ, "ಅತ್ತೀ, ಗುಳಿಗಿ ತಗೊಂಡ್ರೇನ್ರಿ?" ಎಂದು ಕೂಗಿದಳು. "ಬಂದೆ!" ಎಂದು ಕೂಗಿ ಸಂಗವ್ವ, "ಬರ್ತಾ ಇರಪಾ ತಮ್ಮಾ, ಈ ಕಡೆ ಬಂದಾಗ," ಎಂದು ಅವನ ತೋಳು ಮುಟ್ಟಿ ಒಳಗೆ ಹೋದಳು.

ಬೆಣ್ಣೆಹಳ್ಳದ ಸೇತುವೆಯ ಹತ್ತಿರ ಕಾಲೆಬ ಕಾರು ನಿಲ್ಲಿಸಿದ. ಹಳ್ಳದಲ್ಲಿ ಕೆಸರು ನೀರು ಸಣ್ಣಗೆ ಹರಿಯುತ್ತಿತ್ತು. ಇಳಿಬಿಸಿಲು ಎರೆಹೊಲಗಳ ಮೇಲೆ ಅಡ್ಡಬಿದ್ದು ಒಂದೊಂದು ಹೆಂಟೆಗೂ ನೆರಳು ಕೊಟ್ಟಿತ್ತು. ಹಿಂದಿನ ಸೀಟಿನ ಚೀಲದಿಂದ ಕ್ಯಾಮೆರಾ ತೆಗೆದ.

ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕ ನಿಂತು ನೋಡಿದ. "ಏನ ತಗ್ಯಾಕತ್ತೀರಿ?"

"ಹಳ್ಳರಿ."

"ಅದರಾಗೇನೈತಿ?"

ಕಾಲೆಬ ಪರದೆಯನ್ನು ಅವನ ಕಡೆ ತಿರುಗಿಸಿದ. ಮುದುಕ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿ ನೋಡಿದ. "ಇಷ್ಟ ಛಲೋ ಐತೇನು?" ಎಂದು ಮತ್ತೊಮ್ಮೆ ಹಳ್ಳದ ಕಡೆ ತಿರುಗಿದ. ಕುರಿಗಳು ಆಗಲೇ ಸೇತುವೆ ದಾಟಿ ಯಾರದೋ ಹೊಲದತ್ತ ಇಳಿಯುತ್ತಿದ್ದವು. ಮುದುಕ ಹರ್ರ್ ಎಂದು ಕೂಗುತ್ತ ಅವುಗಳ ಬೆನ್ನು ಹತ್ತಿ ಓಡಿದ.

ಮುದುಕನ ಹೆಸರು ಕೇಳಬೇಕಿತ್ತು ಅನ್ನಿಸಿದಾಗ ಅವನು ಬಹಳ ದೂರ ಹೋಗಿದ್ದ. ಬಿಸಿಲು ಹೊಲಗಳಿಂದ ಪೂರ್ತಿ ಸರಿಯುವ ತನಕ ಕಾಲೆಬ ಫೋಟೋ ತೆಗೆಯುತ್ತಲೇ ಇದ್ದ.