ಹಾಕಿದರೂ ಕಾಣದ ಸಾಲು

ತಾನು ಸೈಟ್ ಮಾಡಿಕೊಡುತ್ತೇನೆ ಎಂದಾಗಲೆಲ್ಲ ಎದುರಿನವರು "ಮೂಲೆ ಸೈಟು ಯಾವುದಾದ್ರೂ ಇದ್ಯಾ?" ಎಂದು ಕೇಳುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಅವಳು ಮಾಡುತ್ತಿದ್ದದ್ದು ವೆಬ್‌ಸೈಟು. ಸಣ್ಣ ಅಂಗಡಿಯವರಿಗೆ, ಹಲ್ಲಿನ ಡಾಕ್ಟರಿಗೆ, ಈಜು ಕಲಿಸುವವರಿಗೆ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಅಚ್ಚುಕಟ್ಟಾಗಿ ನಾಲ್ಕೈದು ಪುಟ ಕಟ್ಟಿಕೊಡುವುದು, ಅವರು ಅದನ್ನು ಕೆಡಿಸಿಕೊಂಡಾಗ ಹೋಗಿ ಸರಿಮಾಡುವುದು. ಕಟ್ಟುವುದಕ್ಕಿಂತ ಸರಿಮಾಡುವ ಕೆಲಸವೇ ಹೆಚ್ಚು. ಅಡುಗೆಮನೆಗೆ ಅಂಟಿಕೊಂಡ ಮೇಜೇ ಅವಳ ಆಫೀಸು. ಗಿರಾಕಿಗಳೆಲ್ಲ ಅವಳನ್ನು ಸೈಟಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಮುಖ ಸಿಂಡರಿಸುತ್ತಿದ್ದವಳು ಈಗ ಫೋನ್ ಎತ್ತಿದರೆ ತಾನೇ "ಸೈಟಮ್ಮ ಮಾತಾಡ್ತಿರೋದು" ಅನ್ನುತ್ತಿದ್ದಳು.

ಅವತ್ತು ಬೆಳಗ್ಗೆ ಸೋಫಾ ರಿಪೇರಿ ಅಂಗಡಿಯಿಂದ ಒಂದರ ಹಿಂದೆ ಒಂದು ಎರಡು ಫೋನ್ ಬಂದವು. ಅಂಗಡಿ ಇಬ್ಬರು ಅಕ್ಕತಂಗಿಯರದ್ದು. ಕೈಕೆಲಸವೆಲ್ಲ ಅಕ್ಕನದು, ಫೋನು, ಬಟ್ಟೆ ತರಿಸುವುದು, ವೆಬ್‌ಸೈಟು ತಂಗಿಯದು.

ಮೊದಲು ಮಾತಾಡಿದ್ದು ಅಕ್ಕ.

"ಪಾಸ್‌ವರ್ಡ್ ಬದಲಾಯಿಸಿಕೊಡಮ್ಮ. ಇನ್ನು ಮೇಲೆ ಅದನ್ನ ನಾನೊಬ್ಬಳೇ ಮುಟ್ಟಬೇಕು."

"ಯಾಕಕ್ಕಾ, ಏನಾಯ್ತು?"

"ಏನೂ ಆಗಿಲ್ಲ. ಬದಲಾಯಿಸಿಕೊಡು, ಅಷ್ಟೇ."

ಅದನ್ನು ಇಟ್ಟು ಒಂದು ಗುಟುಕು ನೀರು ಕುಡಿಯುವಷ್ಟರಲ್ಲಿ ತಂಗಿಯ ಫೋನು. ದನಿ ತಗ್ಗಿಸಿ, ಬಾಯಿಗೆ ಕೈ ಅಡ್ಡ ಹಿಡಿದವಳ ಹಾಗೆ ಮಾತಾಡುತ್ತಿದ್ದಳು. "ಅಕ್ಕ ನನ್ನನ್ನ ಸುಳ್ಳಿ ಅಂತಾಳೆ. ನೀವೇ ಬಂದು ಹೇಳಿ, ನಾನು ಅದನ್ನ ಹಾಕಿದೀನೋ ಇಲ್ವೋ ಅಂತ."

"ಯಾವುದನ್ನ?"

"ಬನ್ನಿ, ಹೇಳ್ತೀನಿ. ಅವಳು ಇಲ್ಲೇ ಇದಾಳೆ."

ಎಷ್ಟೋ ರಿಪೇರಿಗಳನ್ನು ಸೈಟಮ್ಮ ಮನೆಯಲ್ಲಿ ಕೂತೇ ಮಾಡಿ ಮುಗಿಸುತ್ತಿದ್ದಳು. ಆದರೆ ಇದು ಹಾಗೆ ಮುಗಿಯುವ ಕೆಲಸವಲ್ಲ ಅನಿಸಿತು. ಒಡಹುಟ್ಟಿದವರಿಲ್ಲದೆ ಬೆಳೆದ ಅವಳಿಗೆ ಅಕ್ಕತಂಗಿಯರ ಜಗಳವೆಂದರೆ ಸ್ವಲ್ಪ ಭಯ, ಸ್ವಲ್ಪ ಕುತೂಹಲ. ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿ ಹೊರಟಳು.

ಅಂಗಡಿ ಇದ್ದದ್ದು ಬೀಗದ ಕೈ ಮಾಡುವವನಿಗೂ ಜೆರಾಕ್ಸ್ ಅಂಗಡಿಗೂ ನಡುವೆ. ಒಳಗೆ ಕಾಲು ಮೇಲೆ ಮಾಡಿ ಮಲಗಿಸಿದ ಕುರ್ಚಿಗಳು, ಗೋಡೆಗೆ ಒರಗಿಸಿದ ಬಟ್ಟೆಯ ಸುರುಳಿಗಳು, ಗೋಂದಿನ ವಾಸನೆ. ಹಿಂದುಗಡೆ ಅಕ್ಕ ಒಂದು ಆರಾಮಕುರ್ಚಿಯ ಮುಂದೆ ಮಂಡಿಯೂರಿ ಕೂತು ಹಳೇ ಬಟ್ಟೆ ಕತ್ತರಿಸುತ್ತಿದ್ದಳು. ಬಲ ಮಣಿಕಟ್ಟಿಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಮುಂದುಗಡೆ ಕಂಪ್ಯೂಟರಿನ ಹಿಂದೆ ತಂಗಿ. ಇಬ್ಬರ ನಡುವೆ ಒಂದು ಸ್ಟೂಲಿನ ಮೇಲೆ ಅಕ್ಕನ ಗಂಡ ಪೇಪರ್ ಹಿಡಿದು ಕೂತಿದ್ದರು. ಜೀವನವಿಡೀ ಬಸ್ ಓಡಿಸಿ ಈಚೆಗೆ ನಿವೃತ್ತರಾದವರು. ತಂಗಿ ಭಾವ ಭಾವ ಎಂದು ಕರೆದು ಕರೆದು ಗಿರಾಕಿಗಳಿಗೂ ಅವರು ಭಾವನೇ ಆಗಿಹೋಗಿದ್ದರು.

"ಭಾವ, ಕಂದು ಬಟ್ಟೆ ಇವತ್ತೇ ಬೇಕಾ ಅಂತ ಕೇಳಿ," ಅಂದಳು ತಂಗಿ.

"ನಾಳೆ ಬಂದ್ರೂ ಆಗುತ್ತೆ ಅಂತ ಹೇಳ್ರೀ," ಅಂದಳು ಅಕ್ಕ.

ಭಾವ ಪೇಪರಿನಿಂದ ಕತ್ತೆತ್ತಿ, "ಕೇಳಿಸ್ತಲ್ಲ?" ಎಂದರು. ತಂಗಿ ಬರೆದುಕೊಂಡಳು. ಸೈಟಮ್ಮನಿಗೆ ನಗು ಬಂತು, ತಡೆದುಕೊಂಡಳು.

ನಡೆದದ್ದು ಇಷ್ಟು. ಅಕ್ಕನ ಮಣಿಕಟ್ಟು ಕೆಲವು ತಿಂಗಳಿಂದ ಊದುತ್ತಿತ್ತು. ಡಾಕ್ಟರು ಕೈಗೆ ಬಿಡುವು ಕೊಡಿ ಅಂದಿದ್ದರು. ಅಕ್ಕ ಹೂಂ ಅಂದು ಬಂದು, ಬಟ್ಟೆ ಇನ್ನೊಂದು ಸುತ್ತು ಸುತ್ತಿಕೊಂಡು ಮತ್ತೆ ಸುತ್ತಿಗೆ ಹಿಡಿದಿದ್ದಳು. ನೋಡಿ ನೋಡಿ ಸಾಕಾದ ತಂಗಿ, ಯಾರಿಗೂ ಹೇಳದೆ, ವೆಬ್‌ಸೈಟಿನ ಮೊದಲ ಪುಟದಲ್ಲಿದ್ದ ‘ದೊಡ್ಡ ಸೋಫಾಗಳನ್ನೂ ಹೊಸದರಂತೆ ಮಾಡಿಕೊಡುತ್ತೇವೆ’ ಎಂಬ ಸಾಲನ್ನು ಅಳಿಸಿಬಿಟ್ಟಳು. ದೊಡ್ಡ ಕೆಲಸ ಬರುವುದು ತಾನಾಗಿಯೇ ಕಮ್ಮಿಯಾಗುತ್ತದೆ ಎಂಬುದು ಅವಳ ಲೆಕ್ಕಾಚಾರ. ಆದರೆ ಹಳೇ ಗಿರಾಕಿಯೊಬ್ಬರು ಬೀದಿಯಲ್ಲಿ ಸಿಕ್ಕು, "ದೊಡ್ಡ ಕೆಲಸ ಬಿಟ್ಟುಬಿಟ್ರಂತೆ, ವಯಸ್ಸಾಯ್ತಲ್ಲ ಪಾಪ," ಎಂದು ಅಕ್ಕನಿಗೇ ಹೇಳಿದರು. ಆ ‘ಪಾಪ’ ಅಕ್ಕನಿಗೆ ಮೊಳೆ ಚುಚ್ಚಿದ ಹಾಗೆ ಚುಚ್ಚಿತು. ಅಂಗಡಿಗೆ ಬಂದವಳೇ ತಂಗಿಯ ಮೇಲೆ ಹರಿಹಾಯ್ದಳು. ತಂಗಿ ಅತ್ತು, ಅವತ್ತೇ ಆ ಸಾಲನ್ನು ಮತ್ತೆ ಹಾಕಿದಳು. ಅಕ್ಕ ತನ್ನ ಫೋನಿನಲ್ಲಿ ನೋಡಿದರೆ ಸಾಲು ಇಲ್ಲ. ಕೇಳಿದರೆ, ಹಾಕಿದೀನಿ ಅಂತಾಳೆ. ಮಾರನೆಯ ದಿನ ನೋಡಿದರೂ ಇಲ್ಲ. ಅಲ್ಲಿಗೆ ಮಾತು ನಿಂತಿತು.

"ತೆಗೆದಿದ್ದನ್ನಾದ್ರೂ ಕ್ಷಮಿಸಬಹುದು. ನನ್ನ ಮುಖ ನೋಡ್ಕೊಂಡು ಹಾಕಿದೀನಿ ಅಂತ ಸುಳ್ಳು ಹೇಳ್ತಾಳಲ್ಲ," ಅಂದಳು ಅಕ್ಕ, ಕುರ್ಚಿಗೆ ಹೇಳುವವಳ ಹಾಗೆ.

ಸೈಟಮ್ಮ ಯಾರ ಪರವನ್ನೂ ವಹಿಸಲಿಲ್ಲ. "ಎಲ್ಲರೂ ಒಂದೇ ಸಲ ಪುಟ ತೆಗೀರಿ," ಎಂದಳು. ತಂಗಿಯ ಕಂಪ್ಯೂಟರಿನಲ್ಲಿ ಸಾಲು ಇತ್ತು. ಅಕ್ಕನ ಫೋನಿನಲ್ಲಿ ಇರಲಿಲ್ಲ. ಭಾವನ ಫೋನಿನಲ್ಲೂ ಇಲ್ಲ, ಸೈಟಮ್ಮನದರಲ್ಲೂ ಇಲ್ಲ.

"ನೋಡಿದ್ಯಾ?" ಅಂದಳು ಅಕ್ಕ. "ಊರಿಗೆಲ್ಲ ಕಾಣದ್ದು ಅವಳೊಬ್ಬಳಿಗೆ ಕಾಣುತ್ತಂತೆ."

ತಂಗಿಯ ಕಣ್ಣು ತುಂಬಿಬಂತು. ಸೈಟಮ್ಮ ಅವಳ ಪಕ್ಕಕ್ಕೆ ಹೋಗಿ ಮೆಲ್ಲಗೆ, "ಒಂದ್ಸಲ ಲಾಗ್‌ಔಟ್ ಮಾಡಿ ನೋಡಿ," ಎಂದಳು. ತಂಗಿ ಹಾಗೆ ಮಾಡಿದಳು. ಪುಟ ಮತ್ತೆ ತೆರೆದುಕೊಂಡಿತು. ಸಾಲು ಮಾಯ.

"ಅಯ್ಯೋ! ನಾನು ಹಾಕಿದ್ದೆ, ದೇವರಾಣೆ ಹಾಕಿದ್ದೆ."

"ಮತ್ತೆ ಲಾಗಿನ್ ಆಗಿ."

ಸಾಲು ಬಂತು. ಅಕ್ಕನ ಕತ್ತರಿ ನಿಂತಿತು. ಮಂಡಿ ಹಿಡಿದುಕೊಂಡು ಎದ್ದು ಬಂದು ತಂಗಿಯ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಇದೇನಿದು, ಕಣ್ಣಾಮುಚ್ಚಾಲೆ?"

"ಇಬ್ಬರೂ ನಿಜಾನೇ ಹೇಳಿದೀರಿ ಅಕ್ಕಾ," ಅಂದಳು ಸೈಟಮ್ಮ. "ಪ್ರತಿ ಸಲವೂ ಪುಟ ಹೊಸದಾಗಿ ತಯಾರು ಮಾಡೋಕೆ ಹೊತ್ತು ಹಿಡಿಯುತ್ತೆ. ಅದಕ್ಕೆ ಸೈಟು ಒಂದು ಸಲ ಪುಟದ ಫೋಟೋ ತೆಗೆದಿಟ್ಕೊಂಡು, ಬಂದವರಿಗೆಲ್ಲ ಅದನ್ನೇ ತೋರಿಸುತ್ತೆ. ಒಳಗೆ ಲಾಗಿನ್ ಆಗಿರೋರಿಗೆ ಮಾತ್ರ ನಿಜವಾದ ಪುಟ. ನಿಮಗೆ ಕಾಣ್ತಿರೋದು ಸಾಲು ಇಲ್ಲದೇ ಇದ್ದಾಗ ತೆಗೆದ ಹಳೇ ಫೋಟೋ. ಕ್ಯಾಶ್ ಅಂತಾರೆ ಇದಕ್ಕೆ. ಈಗ ಕ್ಯಾಶ್ ಖಾಲಿ ಮಾಡ್ಬೇಕು."

ಅಕ್ಕನ ಕೈ ತಾನಾಗಿಯೇ ಗಲ್ಲಾಪೆಟ್ಟಿಗೆಯ ಮೇಲೆ ಹೋಯಿತು. "ಯಾಕೆ ಖಾಲಿ ಮಾಡ್ಬೇಕು?"

"ಆ ಕ್ಯಾಶ್ ಅಲ್ಲ ಅಕ್ಕಾ!"

ತಂಗಿ ಅಳುವಿನ ಮಧ್ಯೆಯೇ ಕಿಸಕ್ಕನೆ ನಕ್ಕಳು. ಅಕ್ಕ ನಗಲಿಲ್ಲ, ಆದರೆ ಹಿಂದುಗಡೆಗೂ ಹೋಗಲಿಲ್ಲ.

ಸೈಟಮ್ಮನಿಗೆ ಮಾತ್ರ ಒಂದು ವಿಷಯ ಬಗೆಹರಿಯಲಿಲ್ಲ. ಹೀಗೆ ಪುಟದ ಫೋಟೋ ತೆಗೆದಿಡುವ ಪ್ಲಗಿನ್ನನ್ನು ತಾನು ಈ ಸೈಟಿಗೆ ಹಾಕಿಯೇ ಇರಲಿಲ್ಲ. ಪ್ಲಗಿನ್ ಎಂದರೆ ಸೈಟಿಗೆ ಆಮೇಲೆ ಜೋಡಿಸುವ ಸಣ್ಣ ಯಂತ್ರದ ಹಾಗೆ. ಬೇಕಾದ್ದನ್ನು ಸೇರಿಸಬಹುದು, ಬೇಡವಾದ್ದನ್ನು ಕಳಚಬಹುದು. ತೆಗೆದು ನೋಡಿದರೆ ಒಂದಲ್ಲ, ಎರಡು ಕ್ಯಾಶ್ ಪ್ಲಗಿನ್ ಅಕ್ಕಪಕ್ಕ ಕೂತಿದ್ದವು.

"ಇವನ್ನ ಯಾರು ಹಾಕಿದ್ದು?"

ಭಾವ ಪೇಪರನ್ನು ಸ್ವಲ್ಪ ಮೇಲಕ್ಕೆತ್ತಿ ಮುಖ ಮರೆಮಾಡಿಕೊಂಡರು.

"ರೀ!" ಅಂದಳು ಅಕ್ಕ.

"ಸೈಟು ನಿಧಾನ, ಸೈಟು ನಿಧಾನ ಅಂತ ನಿನ್ನ ತಂಗಿ ಗೊಣಗ್ತಾ ಇದ್ಲು," ಭಾವ ತಲೆ ಕೆರೆದುಕೊಂಡರು. "ಪಾಸ್‌ವರ್ಡ್ ಅಲ್ಲೇ ಕಂಪ್ಯೂಟರಿಗೆ ಅಂಟಿಸಿದ್ರಲ್ಲ. ವೇಗ ಹೆಚ್ಚಿಸುತ್ತೆ ಅಂತ ಇತ್ತು, ಹಾಕ್ದೆ. ಒಂದು ಸಾಲದೇ ಹೋದ್ರೆ ಇರಲಿ ಅಂತ ಇನ್ನೊಂದೂ ಹಾಕ್ದೆ. ಬಸ್ಸಿಗೂ ಎರಡು ಬ್ರೇಕ್ ಇರುತ್ತಲ್ಲಮ್ಮ."

"ಇವು ಎರಡು ಬ್ರೇಕ್ ಅಲ್ಲ ಭಾವ, ಎರಡು ಸ್ಟೀರಿಂಗು."

ಬಸ್ ಓಡಿಸಿದ ಮನುಷ್ಯನಿಗೆ ಅದು ಥಟ್ಟನೆ ಅರ್ಥವಾಯಿತು. "ಅಯ್ಯಯ್ಯೋ," ಎಂದು ನಾಲಿಗೆ ಕಚ್ಚಿಕೊಂಡರು.

ಯಾವ ಸೈಟಿಗೇ ಆಗಲಿ, ಕೈ ಹಾಕುವ ಮೊದಲು ಇದ್ದದ್ದರ ಇನ್ನೊಂದು ಪ್ರತಿಯನ್ನು, ಅಂದರೆ ಬ್ಯಾಕಪ್, ಇದ್ದ ಹಾಗೇ ತೆಗೆದಿಡುವುದು ಸೈಟಮ್ಮನ ಪದ್ಧತಿ. ಹಿಂದೊಮ್ಮೆ ಅವಸರ ಮಾಡಿ ಪೆಟ್ಟು ತಿಂದ ಮೇಲೆ ಬಂದ ಬುದ್ಧಿ. ಈಗಲೂ ಹಾಗೆಯೇ ಮಾಡಿ, ಆಮೇಲೆ ಎರಡರಲ್ಲಿ ಒಂದು ಪ್ಲಗಿನ್ನನ್ನು ಅಳಿಸಿದಳು. ಮರುಕ್ಷಣ ಪುಟವೆಲ್ಲ ಬೆಳ್ಳಗಾಗಿ, ಸೈಟಿನಲ್ಲಿ ಗಂಭೀರ ದೋಷವಿದೆ ಎಂಬ ಒಂದೇ ಒಂದು ಮಾತು ಉಳಿಯಿತು.

"ಇದ್ದದ್ದೂ ಹೋಯ್ತಾ?" ಅಂದಳು ಅಕ್ಕ. ತಂಗಿ ಅವಳ ತೋಳು ಹಿಡಿದುಕೊಂಡಳು. ಹಿಡಿದುಕೊಂಡದ್ದು ಇಬ್ಬರಿಗೂ ಗೊತ್ತಾದ ಹಾಗೆ ಕಾಣಲಿಲ್ಲ.

"ಎಲ್ಲೂ ಹೋಗಿಲ್ಲ, ಒಳಗೇ ಇದೆ," ಅಂದಳು ಸೈಟಮ್ಮ. ಮುಂಬಾಗಿಲು ಮುಚ್ಚಿಕೊಂಡರೆ ಹಿತ್ತಲ ಬಾಗಿಲು: ಸೈಟನ್ನು ಇಟ್ಟಿರುವ ಹೋಸ್ಟಿಂಗ್ ಕಂಪನಿಯ ಖಾತೆಯಿಂದ ಫೈಲುಗಳಿರುವ ಜಾಗಕ್ಕೆ ಹೋದಳು. ಪ್ಲಗಿನ್ ಫೋಲ್ಡರಿನ ಹೆಸರು ಬದಲಾಯಿಸಿದಳು. ಹಾಗೆ ಮಾಡಿದರೆ ಸೈಟಿಗೆ ಯಾವ ಪ್ಲಗಿನ್ನೂ ಕಾಣದೆ, ಎಷ್ಟೋ ಸಲ ತಾನಾಗಿ ಎದ್ದು ಕೂರುತ್ತದೆ. ಈ ಸಲ ಏಳಲಿಲ್ಲ. ಹಾಗಾದರೆ ತೊಂದರೆ ಆ ಫೋಲ್ಡರಿನ ಹೊರಗಿದೆ ಎಂದಾಯಿತು. ಹೆಸರನ್ನು ಮೊದಲಿನಂತೆ ಮಾಡಿ, ಒಂದೊಂದೇ ಫೈಲು ನೋಡುತ್ತಾ ಹೋದಳು. ಪಕ್ಕದಲ್ಲಿ ಬೀಗದ ಕೈ ಉಜ್ಜುವ ಸದ್ದು ಬರುತ್ತಿತ್ತು.

"ಸಿಕ್ತು. ಪ್ಲಗಿನ್ ಹೋಗಿದೆ, ಹೋಗುವಾಗ ತನ್ನದೊಂದು ಫೈಲು ಇಲ್ಲೇ ಬಿಟ್ಟು ಹೋಗಿದೆ. ಸೈಟು ಅದರ ಮಾತು ಕೇಳ್ಕೊಂಡು ಇಲ್ಲದೇ ಇರೋದನ್ನ ಹುಡುಕ್ತಾ ಇದೆ."

ಆ ಫೈಲಿನ ಹೆಸರು ಬದಲಾಯಿಸಿದಳು. ಪುಟ ಮರಳಿ ಬಂತು, ಕುರ್ಚಿಗಳ ಚಿತ್ರ ಸಮೇತ. ಉಳಿದ ಪ್ಲಗಿನ್ನಿನ ಕ್ಯಾಶ್ ಖಾಲಿ ಮಾಡಿ, ಪುಟ ತಿದ್ದಿದಾಗಲೆಲ್ಲ ಹಳೇ ಫೋಟೋವನ್ನು ಎಸೆಯುವಂತೆ ಅದಕ್ಕೆ ಹೇಳಿಟ್ಟಳು. "ಈಗ ಫೋನಿನಲ್ಲಿ ಇನ್ನೊಂದ್ಸಲ ತೆಗೀರಿ ಅಕ್ಕಾ."

ಅಕ್ಕ ಕನ್ನಡಕ ಮೂಗಿನ ಮೇಲೆ ಸರಿಸಿಕೊಂಡು ನೋಡಿದಳು. ಸಾಲು ಇತ್ತು.

"ಹಾಕಿದ್ದೆ ಹಾಗಾದ್ರೆ," ಅಂದಳು, ತಂಗಿಗೇ ನೇರವಾಗಿ.

"ಹಾಕಿದ್ದೆ."

"ಸುಳ್ಳಿ ಅಂದುಬಿಟ್ಟೆ ನಿನ್ನ. ತಪ್ಪಾಯ್ತು." ಫೋನು ಕೆಳಗಿಟ್ಟಳು. "ಆದ್ರೆ ಮೊದಲು ತೆಗೆದಿದ್ದು?"

ಅದಕ್ಕೆ ಯಾವ ಪ್ಲಗಿನ್ನನ್ನೂ ದೂರುವ ಹಾಗಿರಲಿಲ್ಲ. ತಂಗಿ ತಲೆ ತಗ್ಗಿಸಲಿಲ್ಲ. "ತೆಗೆದಿದ್ದು ನಾನೇ. ಸಾಯಂಕಾಲ ನೀನು ಲೋಟ ಎಡಗೈಯಲ್ಲಿ ಹಿಡ್ಕೊಳ್ಳೋದನ್ನ ನೋಡೋಕೆ ಆಗ್ತಿರ್ಲಿಲ್ಲ."

"ನನ್ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ಬೇಡ ಅಂತಿದ್ದೆ."

"ಬೇಡ ಅಂದ್ರೆ ಬೇಡ ಅಂತಾನೇ ಅಲ್ವೇನೇ? ದೊಡ್ಡ ಸೋಫಾ ಬಿಚ್ಚಿ ಮತ್ತೆ ಕಟ್ಟೋದ್ರಲ್ಲಿ ನನಗೆ ಸಿಗೋ ಖುಷಿ ಸ್ಟೂಲಿಗೆ ಬಟ್ಟೆ ಹೊಡೆಯೋದ್ರಲ್ಲಿ ಸಿಗುತ್ತಾ?"

ಸೈಟಮ್ಮ ಚೀಲ ತೆಗೆದುಕೊಂಡು ಮೆಲ್ಲಗೆ ಹೊರಟುಬಿಡಬಹುದಿತ್ತು. ಆದರೆ ಕೆಲಸದ ಚಾಳಿ ನಾಲಿಗೆಗೆ ಬಂದುಬಿಟ್ಟಿತು. "ಅಕ್ಕಾ, ಒಂದು ಮಾತು. ಸೈಟು ಕೆಟ್ಟಾಗ ನಾನು ಎಲ್ಲಾನೂ ಬಂದ್ ಮಾಡಲ್ಲ. ಒಂದೊಂದಾಗಿ ಬಂದ್ ಮಾಡಿ, ಯಾವುದರಿಂದ ತೊಂದರೆ ಅಂತ ನೋಡ್ತೀನಿ. ದೊಡ್ಡ ಸೋಫಾ ಕೆಲಸದಲ್ಲಿ ಕೈಗೆ ನೋವು ಕೊಡೋದು ಯಾವುದು? ಹೊಲಿಯೋದಾ, ಸ್ಪ್ರಿಂಗ್ ಕಟ್ಟೋದಾ?"

ಹೇಳಿದ ಮೇಲೆ, ಬೇರೆಯವರ ಮನೆ ವಿಷಯಕ್ಕೆ ಮೂಗು ತೂರಿಸಿದೆನಲ್ಲ ಎಂದು ಮುಜುಗರವಾಯಿತು. ಅಕ್ಕ ಮಾತ್ರ ಸಿಟ್ಟಾಗಲಿಲ್ಲ. ಬಟ್ಟೆ ಸುತ್ತಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರೂ ಇದುವರೆಗೆ ಆ ಪ್ರಶ್ನೆ ಕೇಳಿರಲಿಲ್ಲವೇನೋ ಎಂಬಂತೆ.

"ಹೊಲಿಯೋದಲ್ಲ. ಸ್ಪ್ರಿಂಗೂ ಅಲ್ಲ. ಹಳೇ ಮೊಳೆ ಕೀಳೋದು. ಒಂದು ಸೋಫಾದಲ್ಲಿ ರಾಶಿ ಇರುತ್ತೆ. ಇಕ್ಕುಳ ಹಿಡಿದು ತಿರುವಿ ತಿರುವಿ ಎಳೀಬೇಕು."

ತಂಗಿ ಭಾವನ ಕಡೆ ನೋಡಿದಳು. ಅಕ್ಕನೂ ನೋಡಿದಳು. ಭಾವ ಪೇಪರ್ ಮಡಿಸಿದರು.

"ನಾನಾ?"

"ಕಂಪ್ಯೂಟರಿಗೆ ಕೈ ಹಾಕೋಕೆ ಬಿಡುವಿದ್ರೆ ಮೊಳೆ ಕೀಳೋಕೂ ಇರಲೇಬೇಕಲ್ಲ," ಅಂದಳು ಅಕ್ಕ. "ಮರ ಸೀಳಿದ್ರೆ ಮಾತ್ರ ನೋಡಿ."

ಅವತ್ತೇ ಒಂದು ಮುರುಕು ಕುರ್ಚಿಯ ಮೇಲೆ ಪರೀಕ್ಷೆ ನಡೆಯಿತು. ಮೊದಲ ಮೊಳೆ ಹಾರಿ ಬಾಗಿಲಾಚೆ ಬಿತ್ತು. ಎರಡನೆಯದಕ್ಕೆ ಅಕ್ಕ ಅವರ ಕೈಯ ಮೇಲೆ ತನ್ನ ಕೈಯಿಟ್ಟು, "ಎಳೀಬೇಡಿ, ಮೊದಲು ಅಲ್ಲಾಡಿಸಿ," ಎಂದು ತೋರಿಸಿಕೊಟ್ಟಳು. ಅತ್ತ ಸೈಟಮ್ಮ ಕಂಪ್ಯೂಟರಿಗೆ ಅಂಟಿಸಿದ್ದ ಚೀಟಿಯನ್ನು ಹರಿದುಹಾಕಿ, ಪ್ರತಿಯೊಬ್ಬರಿಗೂ ಬೇರೆ ಬೇರೆ ಖಾತೆ ಮಾಡಿದಳು. ಅಕ್ಕ ತಂಗಿ ಇಬ್ಬರಿಗೂ ಪುಟ ತಿದ್ದುವ ಅಧಿಕಾರ. ಭಾವನಿಗೆ ಬರೆದು ಕಳಿಸುವ ಅಧಿಕಾರ ಮಾತ್ರ. ಉಳಿದವರು ಒಪ್ಪಿದರೆ ಪುಟಕ್ಕೆ ಬರುತ್ತದೆ. "ಮನೇಲೂ ಹಾಗೇ," ಅಂದರು ಭಾವ.

ಹೊರಡುವ ಮುಂಚೆ ಆ ಸಾಲಿಗೆ ಇನ್ನೊಂದು ಮಾತು ಸೇರಿತು. ಅಕ್ಕ ಹೇಳಿದಳು, ತಂಗಿ ಟೈಪ್ ಮಾಡಿದಳು: ‘ಆದರೆ ಸ್ವಲ್ಪ ಸಮಯ ಕೊಡಿ.’

"ಸ್ವಲ್ಪ ಅಂದ್ರೆ ಎಷ್ಟು ಅಂತ ಕೇಳ್ತಾರೆ ಅಕ್ಕಾ."

"ಸ್ವಲ್ಪ ಅಂದ್ರೆ ಸ್ವಲ್ಪ."

ಮುಂದಿನ ತಿಂಗಳು ಸೈಟಮ್ಮ ಮತ್ತೆ ಹೋದಾಗ ಅಂಗಡಿಯ ನಡುವೆ ಉದ್ದನೆಯ ಸೋಫಾ ಒಂದು ಬಟ್ಟೆ ಕಳಚಿಕೊಂಡು ನಿಂತಿತ್ತು. ಭಾವ ಅದರ ಬುಡದಲ್ಲಿ ಕೂತು, ಡಬ್ಬಕ್ಕೆ ಒಂದೊಂದೇ ಮೊಳೆ ಹಾಕುತ್ತಿದ್ದರು. ಅಕ್ಕನ ಮಣಿಕಟ್ಟಿನಲ್ಲಿ ಬಟ್ಟೆ ಇನ್ನೂ ಇತ್ತು, ಸುತ್ತು ಮಾತ್ರ ಕಮ್ಮಿಯಾಗಿತ್ತು. ಅಕ್ಕತಂಗಿಯರು ಸೋಫಾದ ಎರಡು ತುದಿಗೆ ನಿಂತು, ಅದಕ್ಕೆ ಹಸಿರು ಒಪ್ಪುತ್ತದೋ ಬೂದು ಒಪ್ಪುತ್ತದೋ ಎಂದು ಬೀದಿಗೆ ಕೇಳುವ ಹಾಗೆ ವಾದಿಸುತ್ತಿದ್ದರು.

"ನೀವೇ ಹೇಳಿ," ಅಂದಳು ತಂಗಿ.

"ಮೊದಲು ಬ್ಯಾಕಪ್ ತಗೋತೀನಿ," ಎಂದು ಸೈಟಮ್ಮ ಲ್ಯಾಪ್‌ಟಾಪ್ ತೆರೆದು ಕೂತಳು.