ಅರ್ಧ ಸಾದಾ, ಅರ್ಧ ಪ್ರೀಮಿಯಂ

"ಯಾವ್ದು ಹಾಕ್ಲಿ ಸಾರ್? ಸಾದಾನೋ, ಪ್ರೀಮಿಯಮ್ಮೋ?"

ಬಂಕಿನವನು ಎರಡು ಪಂಪುಗಳ ನಡುವೆ ಕೈಕಟ್ಟಿ ನಿಂತಿದ್ದ. ಸೀತಾರಾಮ ಹೆಗಡೆ ಕಾರಿನಿಂದ ಒಂದು ಕಾಲನ್ನಷ್ಟೇ ಹೊರಗಿಟ್ಟು, ಒಮ್ಮೆ ಈ ಪಂಪನ್ನೂ ಒಮ್ಮೆ ಆ ಪಂಪನ್ನೂ ನೋಡಿದ. ಶಿರಸಿಗೆ ಈ ಎರಡನೇ ಪಂಪು ಬಂದದ್ದು ಅದೇ ವರ್ಷ, 2003ರಲ್ಲಿ. ಅದಕ್ಕೂ ಮೊದಲು ಪೆಟ್ರೋಲೆಂದರೆ ಪೆಟ್ರೋಲು. ಅದರಲ್ಲೂ ಮೇಲು ಕೀಳು ಉಂಟೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

"ಐದು ಲೀಟರ್ ಅದು ಹಾಕು, ಐದು ಲೀಟರ್ ಇದು ಹಾಕು," ಎಂದ ಸೀತಾರಾಮ.

ಪಕ್ಕದ ಸೀಟಿನಲ್ಲಿದ್ದ ಅಕ್ಕ ಸುಬ್ಬಲಕ್ಷ್ಮಿ ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ಪಂಕ್ತಿಭೇದ ಮಾಡಲಾಗ ಹೇಳಿ ಎರಡಕ್ಕೂ ಮರ್ಯಾದೆ ಕೊಡ್ತ್ಯಾ ತಮಾ?" ಎಂದು ಕೇಳಿದಳು. ಭೈರುಂಬೆಗೆ ಕೊಟ್ಟ ಹೆಣ್ಣು ಅವಳು. ಆದರೂ ಮೂರು ದಿನಕ್ಕೊಮ್ಮೆ ಹುಲಗೋಳಕ್ಕೆ ಬಂದು, ಒಂಟಿ ತಮ್ಮನ ಅಡುಗೆಮನೆಯನ್ನೂ ಅವನ ಬಾಳನ್ನೂ ಒಟ್ಟಿಗೇ ಓರಣ ಮಾಡಿ ಹೋಗುತ್ತಿದ್ದಳು.

ಸೀತಾರಾಮನ ಸ್ವಭಾವವೇ ಹಾಗೆ. ಹೋಟೆಲಿಗೆ ಹೋದರೆ ಅರ್ಧ ಚಾ, ಅರ್ಧ ಕಾಫಿ ಸಿಗುವುದಿಲ್ಲವೆಂಬ ಕೊರಗು. ನಲವತ್ಮೂರು ವರ್ಷಕ್ಕೆ ಹದಿನಾಲ್ಕು ಮನೆಯ ಅವಲಕ್ಕಿ ತಿಂದಿದ್ದ. ಹದಿನಾಲ್ಕು ಕಡೆಯೂ "ನೋಡನ" ಎಂದು ಕೈತೊಳೆದು ಎದ್ದು ಬಂದಿದ್ದ. ಅವನು ನೋಡುತ್ತಿರುವಷ್ಟರಲ್ಲಿ ಹುಡುಗಿಯರಿಗೆ ಬೇರೆ ಕಡೆ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳು ಶಾಲೆಗೂ ಹೋಗತೊಡಗಿದ್ದರು. ಜೀವಮಾನದಲ್ಲಿ ಅವನು ಹತ್ತು ನಿಮಿಷದಲ್ಲಿ ತೀರ್ಮಾನಿಸಿದ್ದು ಒಂದೇ ಒಂದು ಸಂಗತಿ, ಈ ಕಾರು. ಗೋವಾದ ಹೋಟೆಲೊಂದರ ಮಾಲೀಕ ಮಾರಲು ಇಟ್ಟಿದ್ದ ಜಪಾನಿನ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ಎರಡೇ ಸೀಟು. ಊರವರು ಹೊಸ ಮನೆಗೆ ಸ್ಲ್ಯಾಬ್ ಹಾಕಿಸುವಾಗ ಇವನು ಇದನ್ನು ತಂದ. ಸಗಣಿ ಗೊಬ್ಬರ ಎಲ್ಲಿ ತುಂಬುತ್ತೀಯೋ ಎಂದು ಜನ ನಕ್ಕರು. ಅವನಿಗೆ ಬೇಸರವೇನೂ ಆಗಲಿಲ್ಲ. ಸ್ಟೇರಿಂಗ್ ಹಿಡಿದಾಗ ಮಾತ್ರ ತಾನೂ ಯಾವುದೋ ಕಡೆಗೆ ಹೊರಟವನು ಎಂದು ಅವನಿಗೆ ಅನಿಸುತ್ತಿತ್ತು.

ಆದರೆ ತಂದಾಗಿನಿಂದಲೂ ಕಾರು ಏರು ಹತ್ತುವಾಗ ಟಕಟಕ ಎನ್ನುತ್ತಿತ್ತು. ಬಂಕಿನ ಪಕ್ಕದ ಗ್ಯಾರೇಜಿನಿಂದ ಮೆಕ್ಯಾನಿಕ್ ಗನಿ ಕೈ ಒರೆಸಿಕೊಳ್ಳುತ್ತ ಬಂದ. ಇಪ್ಪತ್ತೈದು ವರ್ಷಗಳಿಂದ ಶಿರಸಿಯ ಗಾಡಿಗಳ ಕೆಮ್ಮು ದಮ್ಮು ಬಲ್ಲವನು ಅವನು.

"ಹೆಗಡೇರೇ, ಎಂಜಿನ್‌ದು ಏನೂ ತಪ್ಪಿಲ್ಲ ಅಂತ ಮೊನ್ನೇನೇ ಹೇಳಿದ್ನಲ್ಲ. ಇದು ಪೆಟ್ರೋಲಿನ ತಕರಾರು. ಯಾವ್ದು ಹಾಕ್ಬೇಕು ಅಂತ ಕಂಪನಿಯವರೇ ಮುಚ್ಚಳದ ಒಳಗೆ ಬರ್ದಿರ್ತಾರೆ. ನಿಮ್ಮ ಮುಚ್ಚಳದಾಗೆ ದೇವ್ರು ಕೂತಿದಾನೆ. ನಾನು ಮುಟ್ಟೋದಿಲ್ಲ, ನೀವೇ ಒರ್ಸಿ ನೋಡಿ."

ಗನಿ ಹೇಳಿದ್ದು ನಿಜ. ಆಯುಧಪೂಜೆಯ ದಿನ ಪುರೋಹಿತರು ಬಾನೆಟ್ಟಿಗೂ ಚಕ್ರಗಳಿಗೂ ಕುಂಕುಮ ಹಚ್ಚಿ ಮುಗಿಸಿದ್ದರು. ಆಗ ಸುಬ್ಬಲಕ್ಷ್ಮಿಯೇ ಅಡ್ಡ ನಿಂತು, ಉಣ್ಣುವ ಬಾಯಿಗೆ ಪೂಜೆಯಿಲ್ಲದೆ ಹೊಟ್ಟೆಗೆ ಹೇಗೆ ಹಾಕುವುದು ಎಂದು ಕೇಳಿದ್ದಳು. ಪೆಟ್ರೋಲು ಹಾಕುವಲ್ಲಿನ ಪುಟ್ಟ ಬಾಗಿಲು ತೆರೆಸಿ, ಒಳಗಿದ್ದ ಚೀಟಿಯ ಮೇಲೆ ಗಂಧ ಮೆತ್ತಿಸಿ, ಅದರ ಮೇಲೆ ಧಾರಾಳವಾಗಿ ಕುಂಕುಮ ಇಡಿಸಿದ್ದಳು. ಅದೀಗ ಒಣಗಿ ಗಟ್ಟಿ ಬಿಲ್ಲೆಯಾಗಿತ್ತು.

"ಪೂಜೆ ಮಾಡಿದ ಕುಂಕುಮ ಒರ್ಸುದಾ! ಮುಂದಿನ ಆಯುಧಪೂಜೆವರೆಗೆ ಮುಟ್ಟಲಾಗ," ಎಂದಳು ಅಕ್ಕ ಕಾರಿನೊಳಗಿಂದ. "ಅದೂ ಹೆಣ್ಣು ನೋಡಲೆ ಹೋಪ ದಿನ."

"ನೋಡನ," ಎಂದ ಸೀತಾರಾಮ, ಗನಿಗೂ ಅಕ್ಕನಿಗೂ ಒಟ್ಟಿಗೆ.

ಯಲ್ಲಾಪುರದ ದಾರಿಯಲ್ಲಿ ಏರು ಸಿಕ್ಕಾಗಲೆಲ್ಲ ಕಾರು ಟಕಟಕ ಎಂದಿತು. ಅಕ್ಕ ಮಾತಿನಲ್ಲಿ ಅದನ್ನೂ ಮೀರಿಸಿದಳು. ಹುಡುಗಿ ಮಧುರಾ, ಮೂವತ್ತೇಳು, ಯಲ್ಲಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅವಳು ನೌಕರಿ ಬಿಡುವುದಿಲ್ಲವಂತೆ. ವಾರವಿಡೀ ಯಲ್ಲಾಪುರ, ಶನಿವಾರ ಭಾನುವಾರ ಮಾತ್ರ ಹುಲಗೋಳ ಎಂದು ಮೊದಲೇ ಹೇಳಿ ಕಳಿಸಿದ್ದಳು.

"ವಾರಕ್ಕೆರಡು ದಿನ ಬಪ್ಪದು ಹೆಂಡತಿಯಾ, ನೆಂಟರಾ?" ಎಂದಳು ಅಕ್ಕ. "ನೀ ಕಾಯಂ ಹೇಳಿ ಒಪ್ಕಳಡ. ಒಂದೆರಡು ವರ್ಷ ಹಾಂಗೇ ಇರ್ಲಿ, ಆಮೇಲೆ ಬಿಟ್ಟಿಕ್ಕಿ ಬಾ ಹೇಳು."

ಸೀತಾರಾಮನಿಗೂ ಅದೇ ಸರಿ ಕಂಡಿತ್ತು. ಹುಡುಗಿಯ ಮಾತೂ ಅರ್ಧ ಉಳಿಯಿತು, ಅಕ್ಕನ ಮಾತೂ ಅರ್ಧ. ಆದರೂ ಎದೆಯಲ್ಲಿ ಅಳುಕಿತ್ತು. ಇದು ಹದಿನೈದನೆಯ ಮನೆ. ಹದಿನಾರನೆಯದು ಇರಲಾರದು ಎಂಬುದು ಅವನಿಗೆ ಯಾರೂ ಹೇಳದೆಯೇ ಗೊತ್ತಿತ್ತು. ರಾತ್ರಿಯ ಊಟಕ್ಕೆ ಒಂದೇ ಬಟ್ಟಲು ತೊಳೆದಿಟ್ಟುಕೊಳ್ಳುವುದು ಅವನಿಗೆ ನಿಜಕ್ಕೂ ಸಾಕಾಗಿತ್ತು.

ಹೆದ್ದಾರಿಯ ಪಕ್ಕದ ಮನೆ. ಅವಲಕ್ಕಿ ಬಂತು, ಚಾ ಬಂತು, ಎರಡೂ ಕಡೆಯವರಿಗೆ ಬೇಕಾದ ನೆಂಟರೊಬ್ಬರು ಸತ್ತು ಎಷ್ಟು ವರ್ಷವಾಯಿತೆಂಬ ಚರ್ಚೆಯೂ ಆಯಿತು. ಮಧುರಾ ಬಂದು ಕೂತವಳು ತಲೆ ತಗ್ಗಿಸಲಿಲ್ಲ.

"ಕಾರು ನಿಂಗಳದ್ದೇಯಾ? ಆ ಏರು ಹತ್ತುವಾಗಲೇ ಸದ್ದು ಕೇಳ್ತು. ಎಂತ ಪೆಟ್ರೋಲ್ ಹಾಕ್ತ್ರಿ?"

ಹದಿನಾಲ್ಕು ಮನೆಯಲ್ಲಿ ತೋಟ ಎಷ್ಟು, ಜ್ವರ ಬಂದರೆ ಯಾವ ಡಾಕ್ಟರು ಎಂದು ಕೇಳಿಸಿಕೊಂಡ ಸೀತಾರಾಮ ಈ ಪ್ರಶ್ನೆಗೆ ತಯಾರಾಗಿರಲಿಲ್ಲ. "ಅರ್ಧ ಸಾದಾ, ಅರ್ಧ ಪ್ರೀಮಿಯಂ," ಎಂದ.

ಮಧುರಾ ಗಟ್ಟಿಯಾಗಿ ನಕ್ಕಳು. ಅವಳ ಅಪ್ಪ ಕೆಮ್ಮಿ ಎಚ್ಚರಿಸುವಷ್ಟರಲ್ಲಿ ಅವಳು ಎದ್ದು ಅಂಗಳಕ್ಕೆ ಇಳಿದಿದ್ದಳು. ಎಲ್ಲರೂ ಹಿಂದೆ ಬಂದರು. ಪೆಟ್ರೋಲಿನ ಬಾಗಿಲು ತೆರೆದು, ಒಳಗಿನ ಕೆಂಪು ಬಿಲ್ಲೆ ನೋಡಿ ಅವಳು ಸೀತಾರಾಮನ ಮುಖ ನೋಡಿದಳು.

"ಆಯುಧಪೂಜೆದು. ಒರ್ಸಲಾಗ ಹೇಳಿ..." ಎಂದು ಅವನು ಅಕ್ಕನ ಕಡೆ ತಿರುಗಿದ.

"ಒರ್ಸುದೆಂತಕ್ಕೆ?" ಎಂದಳು ಮಧುರಾ. ಚಪ್ಪಲಿ ಕಳಚಿ ಬದಿಗಿಟ್ಟು, ಕಾರಿಗೆ ಕೈಮುಗಿದು, ಉಗುರಿನಿಂದ ಮೆಲ್ಲಗೆ ಆ ಬಿಲ್ಲೆ ಕೆದಕಿ ಅಂಗೈಗೆ ಉದುರಿಸಿಕೊಂಡಳು. ಒಂದು ಚಿಟಿಕೆ ತನ್ನ ಹಣೆಗಿಟ್ಟುಕೊಂಡಳು. ಅಂಗೈಯನ್ನು ಹಾಗೇ ಸುಬ್ಬಲಕ್ಷ್ಮಿಯ ಮುಂದೆ ಹಿಡಿದಳು. "ತಗಳಿ ಅಕ್ಕಾ, ಪ್ರಸಾದ."

ಪ್ರಸಾದ ಬೇಡವೆನ್ನುವಂತಿರಲಿಲ್ಲ. ಸುಬ್ಬಲಕ್ಷ್ಮಿ ಬೆರಳದ್ದಿ ಹಣೆಗಿಟ್ಟುಕೊಂಡಳು. ಅವಳ ಎದುರು ಇಷ್ಟು ಬೇಗ ವಾದ ಮುಗಿಸಿದವರನ್ನು ಸೀತಾರಾಮ ಅದುವರೆಗೆ ಕಂಡಿರಲಿಲ್ಲ.

ಚೀಟಿಯಲ್ಲಿ ಅಂಕೆ ಸ್ಪಷ್ಟವಾಗಿತ್ತು. "ತೊಂಬತ್ತೊಂದು, ಇಲ್ಲದಿದ್ರೆ ಅದಕ್ಕಿಂತ ಮೇಲಿಂದು," ಎಂದು ಓದಿದಳು ಮಧುರಾ. "ಇಲ್ಲಿ ಪ್ರೀಮಿಯಂ ಹೇಳಿ ಕೊಡುದು ಇದನ್ನೇಯ. ಸಾದಾದ್ದರ ಅಂಕೆ ಇದಕ್ಕಿಂತ ಕಮ್ಮಿ. ಬೇರೆ ಗಾಡಿಗೆ ಅದೇ ಸಾಕು, ದುಡ್ಡು ದಂಡ ಮಾಡುದು ಬೇಡ. ಇದರ ಎಂಜಿನ್ ಗಾಳಿನ ಜೋರು ಒತ್ತುತ್ತು. ಆ ಒತ್ತಡಕ್ಕೆ ಸಾದಾ ಪೆಟ್ರೋಲು ಕಿಡಿ ಬಪ್ಪದರೊಳಗೇ ಹತ್ತಿ ಉರೀತು. ಅದೇ ಆ ಟಕಟಕ. ಮೇಲಿಂದು ಕಿಡಿ ಬಪ್ಪವರೆಗೆ ತಡಕಳ್ತು."

"ಅರ್ಧರ್ಧ ಹಾಕಿರೆ?"

"ಅರ್ಧ ತಡಕಳ್ತು," ಎಂದು ಮಧುರಾ ಮತ್ತೆ ನಕ್ಕಳು. "ಬನ್ನಿ, ಇಲ್ಲೇ ಬಂಕ್ ಇದ್ದು. ಟ್ಯಾಂಕಿನಲ್ಲಿ ಉಳಿದ ಜಾಗಕ್ಕೆಲ್ಲ ಸರಿಯಾದ್ದು ತುಂಬಿಸನ."

ಇರುವುದು ಎರಡೇ ಸೀಟು. ಅಕ್ಕ ಅಂಗಳದಲ್ಲೇ ಉಳಿಯಬೇಕಾಯಿತು. ಮಧುರಾ ಅವಳ ಜಾಗದಲ್ಲಿ ಕೂತು, ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿದ್ದರಿಂದ, ಕೆಳಗಿನ ಕೊಕ್ಕೆ ಎಳೆದು ಸೀಟನ್ನು ಹಿಂದಕ್ಕೆ ಸರಿಸಿಕೊಂಡಳು. ಅವಳು ನೀಳ ಕಾಲಿನ ಹೆಣ್ಣು.

ಬಂಕಿನಲ್ಲಿ ಮರದ ದಿಮ್ಮಿ ಹೊತ್ತ ಎರಡು ನಾಟಾ ಲಾರಿಗಳು ಮುಂದಿದ್ದವು. ಸರದಿ ಕಾಯುವಾಗ ಅವಳೇ ಮಾತು ತೆಗೆದಳು, ಈ ಸಲ ನಗಲಿಲ್ಲ.

"ಆನು ಹೇಳಿ ಕಳ್ಸಿದ್ದು ನಿಂಗಕ್ಕೆ ಮುಟ್ಟಿದ್ದು ಹೇಳಿ ಗೊತ್ತಿದ್ದು. ಎಂಗೆ ಈ ಶಾಲೆ ಬೇಕು. ಕಾಡೊಳಗಿನ ಗೌಳಿವಾಡದ ಹುಡುಗಿಯರು ಆರು ಮೈಲಿ ನಡಕಂಡು ಬತ್ತ. ಹೋದ ವರ್ಷ ಅವರಲ್ಲಿ ಮೂರು ಜನ ಹತ್ತನೇ ಕ್ಲಾಸು ಪಾಸಾದ. ಆನು ಬಿಟ್ರೆ ಪ್ರಯೋಗಾಲಯದ ಬೀಗ ತೆಗೆಯೋರು ಇಲ್ಲೆ. ಎಂಗೆ ಮನೆಯೂ ಬೇಕು, ಇಲ್ಲೆ ಹೇಳಿ ಸುಳ್ಳು ಹೇಳ್ತಿಲ್ಲೆ. ಆದರೆ ಈಗ ಹೂಂ ಹೇಳಿ, ಎರಡು ವರ್ಷ ಆದಮೇಲೆ ಬಿಡು ಹೇಳ್ತ್ರಿ ಹೇಳಾದ್ರೆ, ಇಲ್ಲೇ ಇಳೀತೆ. ನಡಕಂಡು ಮನೆಗೆ ಹೋಗ್ತೆ, ಬೇಜಾರಿಲ್ಲೆ."

ಅವಳ ಕೈ ಬಾಗಿಲಿನ ಹಿಡಿಯ ಮೇಲೇ ಇತ್ತು. ಸೀತಾರಾಮನ ನಾಲಿಗೆಯ ತುದಿಗೆ "ನೋಡನ" ಬಂದು ಕೂತಿತು. ಅದನ್ನು ಆಡಿದರೆ ಈ ಕೈ ಹಿಡಿಯನ್ನು ಎಳೆಯುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತಾಯಿತು. ಅಷ್ಟರಲ್ಲಿ ಲಾರಿಗಳು ಸರಿದು, ನರೆಗೂದಲಿನ ಬಂಕಿನವನು ಕಿಟಕಿಗೆ ಬಾಗಿದ.

"ಯಾವ್ದು ಹಾಕ್ಲಿರಿ ಸಾಹೇಬ್ರ?"

"ಪ್ರೀಮಿಯಂ. ಅದೊಂದೇ. ಟ್ಯಾಂಕ್ ತುಂಬಿಸು," ಎಂದ ಸೀತಾರಾಮ. ತನ್ನ ದನಿ ತನಗೇ ಹೊಸದೆನಿಸಿತು. ನಂತರ ಅವಳ ಕಡೆ ತಿರುಗಿದ. "ಶನಿವಾರ ಶಾಲೆ ಎಷ್ಟು ಗಂಟೆಗೆ ಬಿಡ್ತು?"

ಮಧುರಾ ಅವನ ಕಡೆ ತಿರುಗಿದಳು. "ಹನ್ನೊಂದೂವರೆಗೆ."

"ಹನ್ನೊಂದೂ ಕಾಲಿಗೇ ಬಂದು ಗೇಟಿನ ಹತ್ರ ನಿಲ್ತೆ. ಸೋಮವಾರ ಬೆಳಗ್ಗೆ ಪ್ರಾರ್ಥನೆ ಗಂಟೆಯೊಳಗೆ ಬಿಟ್ಟಿಕ್ಕಿ ಹೋಗ್ತೆ. ಎರಡು ವರ್ಷ ಅಲ್ಲ. ನಿಂಗಕ್ಕೆ ಶಾಲೆ ಬೇಕು ಹೇಳಿ ಅನ್ಸಿದಷ್ಟು ವರ್ಷ."

ಅವಳ ಕೈ ಬಾಗಿಲಿನ ಹಿಡಿ ಬಿಟ್ಟು ಮಡಿಲಿಗೆ ಬಂತು. ಟ್ಯಾಂಕ್ ತುಂಬಿಸಿಕೊಂಡು ಹೊರಟರು. ಸೀತಾರಾಮನಿಗೆ ಎಷ್ಟು ಖುಷಿಯಾಗಿತ್ತೆಂದರೆ ಅವನು ಅವಳ ಮನೆಯ ಗೇಟು ದಾಟಿ ಮುಂದೆ ಹೋಗಿ, ಹಿಂದಕ್ಕೆ ತಂದು ನಿಲ್ಲಿಸಬೇಕಾಯಿತು.

ಹೊರಡುವಾಗ ಅವನು ಅಂಗಳದಲ್ಲೇ, ಎಲ್ಲರ ಎದುರು ಅಕ್ಕನಿಗೆ ವಿಷಯ ಹೇಳಿಬಿಟ್ಟ. "ಶನಿವಾರ ಕರ್ಕಂಡು ಬಪ್ಪದು, ಸೋಮವಾರ ಬಿಡುದು, ಹಾಂಗೇ ಹೇಳಿ ಮಾತಾಯ್ದು ಅಕ್ಕಾ." ಸುಬ್ಬಲಕ್ಷ್ಮಿ ಮಧುರಾಳ ಅಮ್ಮ ಕೊಟ್ಟ ಎಲೆಯಡಿಕೆ ಸೆರಗಿನಲ್ಲಿ ಕಟ್ಟಿಕೊಂಡು, ತೆಂಗಿನಕಾಯಿ ಕೈಯಲ್ಲಿ ಹಿಡಿದು, ಬಿಗಿದ ಮುಖದಲ್ಲೇ ಬಂದು ಕಾರಿನಲ್ಲಿ ಕೂತಳು. ಮಧುರಾ ಸರಿಸಿಟ್ಟ ಸೀಟಿನಲ್ಲಿ ಕೂತವಳು ಹಿಂದಕ್ಕೆ ಮುಳುಗಿಹೋದಳು. ಗಿಡ್ಡ ಕಾಲುಗಳು ಎದುರಿನ ಯಾವುದಕ್ಕೂ ಎಟುಕಲಿಲ್ಲ.

ಸೀತಾರಾಮ ಬಗ್ಗಿ ಕೊಕ್ಕೆಗೆ ಕೈ ಹಾಕಿದ. "ತಡಿ ಅಕ್ಕಾ, ಮುಂದೆ ಮಾಡ್ತೆ."

ಅಕ್ಕ ಅವನ ಕೈಯನ್ನು ಮೆಲ್ಲಗೆ ತಟ್ಟಿ ಸರಿಸಿದಳು. "ಬೇಡ. ಇದ್ದಲ್ಲೇ ಇರ್ಲಿ ಬಿಡು," ಎಂದಳು.

ಭೈರುಂಬೆಯವರೆಗೂ ಅವಳು ಹಾಗೆಯೇ, ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಚಾಚಿಕೊಂಡು ಕೂತಿದ್ದಳು.