ಟಗರು ಸತ್ತ ಕಾರಣ

"ತಲೆ ಕಡೆ ಎತ್ತಿ ಹಿಡೀರೋ, ಜಾರ್ತಾ ಇದೆ!" ಎಂದು ದೊಮಿಂಗೊ ಕೂಗಿದ. ಚರ್ಚಿನ ಮೆಟ್ಟಿಲ ಮೇಲೆ ಅವನ ಅಣ್ಣ ಬೆನಿತೊನ ಶವಪೆಟ್ಟಿಗೆ ವಾಲಿ, ಮತ್ತೆ ನೆಟ್ಟಗಾಯಿತು. ಹೊತ್ತ ಆರು ಜನರಲ್ಲಿ ಒಬ್ಬನ ಕಣ್ಣೂ ಒದ್ದೆಯಾಗಿರಲಿಲ್ಲ. ಹಿಂದೆ ಬರುತ್ತಿದ್ದ ಹೆಂಡತಿ ಬೆಗೋನ್ಯಾಳದೂ ಅಷ್ಟೆ. ಅಮೆರಿಕದ ಐಡಹೋದ ಆ ಬಯಲಿನಲ್ಲಿ ಮಾರ್ಚ್ ಎಂದರೆ ಕುರಿ ಈಯುವ ಕಾಲ. ಸಾಯುವುದಕ್ಕೆ ಈ ಮನುಷ್ಯನಿಗೆ ಇದೇ ಹೊತ್ತು ಬೇಕಿತ್ತೇ ಎಂದು ಬೆಳಗಿನಿಂದ ಅವಳು ಮೂರು ಸಲ ಅಂದುಕೊಂಡಿದ್ದಳು.

"ಈ ಸಲ ಹೆಣ್ಣುಮರಿ ಎಷ್ಟು ಅತ್ತಿಗೆ?"

"ಅರ್ಧಕ್ಕರ್ಧ. ಯಾವತ್ತಿನ ಹಾಗೆ."

"ಅದೇ ಅಲ್ವಾ ಅವನ ಹೊಟ್ಟೆಯುರಿ!" ದೊಮಿಂಗೊ ನಕ್ಕ.

*

ಹೆಣ್ಣುಮರಿಯಾದರೆ ಹಿಂಡು ಬೆಳೆಯುತ್ತದೆ, ಗಂಡಾದರೆ ಕಟುಕನ ಲಾರಿಗೆ. ಹಾಗಾಗಿ ಬೆನಿತೊಗೆ ದೊಡ್ಡಿಯಲ್ಲಿ ಹೆಣ್ಣು ಬೇಕಿತ್ತು, ಮನೆಯಲ್ಲಿ ಗಂಡು. ಬೆಗೋನ್ಯಾ ಮೂರು ಹೆಣ್ಣು ಹೆತ್ತಳು. ಎರಡು ವರ್ಷ ಬಿಡದೆ ಗಂಡುಮರಿ ಹಾಕಿದ ಕುರಿಯನ್ನೂ ಅವನು ಲಾರಿ ಹತ್ತಿಸುತ್ತಿದ್ದ.

"ಇವಳನ್ನೂ ಹತ್ತಿಸ್ತಿದ್ದೆ, ತೂಕ ಬರಲ್ಲ," ಎಂದು ಊಟದ ಮೇಜಿನಲ್ಲಿ ಕೆಲಸದವರೆದುರೇ ಹೇಳುತ್ತಿದ್ದ.

"ಗಂಡೋ ಹೆಣ್ಣೋ ತೀರ್ಮಾನ ಆಗೋದು ಟಗರಿಂದ, ಕುರಿಯಿಂದಲ್ಲ," ಎಂದ ಪಶುವೈದ್ಯೆಯನ್ನು ಗೇಟಿನಾಚೆ ಕಳಿಸಿದ. ಆ ಶರತ್ಕಾಲದಲ್ಲೇ ಅವನ ಮೆಚ್ಚಿನ ಟಗರು ಸತ್ತಿತು. ಯಾರೂ ನೋಡುವ ಮೊದಲೇ ಹೂತುಬಂದ. ಬೆಗೋನ್ಯಾ ಕಾಳಿನ ಕೋಣೆಯ ಬಾಗಿಲು ಹಾಕದೆ ಬಂದದ್ದರಿಂದ ಅದು ಹೊಟ್ಟೆ ಬಿರಿಯುವಷ್ಟು ತಿಂದು ಸತ್ತಿತೆಂದು ಊರಿಗೆಲ್ಲ ಹೇಳಿದ. ಹದಿನೈದು ವರ್ಷ ಇದನ್ನೇ ಕೇಳಿ ಕೇಳಿ, ಆ ಬಾಗಿಲು ತೆರೆದಿಟ್ಟದ್ದು ಅವಳಿಗೆ ನೆನಪಿಗೂ ಬರತೊಡಗಿತ್ತು.

*

ಸ್ಮಶಾನದಲ್ಲಿ ಫಾದರ್ ಪುಸ್ತಕ ತೆರೆಯುವಷ್ಟರಲ್ಲಿ ದೊಮಿಂಗೊ ಅವಳ ಪಕ್ಕಕ್ಕೆ ಬಂದ. ಬಾಯಲ್ಲಿ ವೈನಿನ ವಾಸನೆ.

"ಅತ್ತಿಗೆ, ಆ ದೊಡ್ಡ ಟಗರು ಸತ್ತದ್ದು ಹೇಗೆ ಗೊತ್ತಾ? ಬಲಬೀಜದಿಂದ ಗಂಡು ಹುಟ್ಟತ್ತೆ ಅಂತ ಅವನಿಗೆ ಯಾರೋ ಹೇಳಿದ್ರು. ಬರೀ ಹೆಣ್ಣುಮರಿ ಹುಟ್ಟಲಿ ಅಂತ ಟಗರಿನ ಆ ಬೀಜಕ್ಕೆ ದಾರ ಬಿಗಿದು ಕಟ್ಟಿದ. ಕಾಲು ಹಿಡ್ಕೊಂಡವನು ನಾನೇ! ಎಂಟು ದಿನಕ್ಕೆ ಅದು ಕೊಳೆತು ಟಗರೇ ಸತ್ತುಹೋಯ್ತು."

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಬೆಗೋನ್ಯಾ ನಗಲಿಲ್ಲ.

"ಆವತ್ತು ನೀನು ಹೇಳಲಿಲ್ಲ."

"ಅವನು ಬದುಕಿದ್ದಾಗ ಹೇಗೆ ಹೇಳೋದು ಅತ್ತಿಗೆ?"

"ಈಗ ಹೇಗೆ ಹೇಳಿದೆಯೋ ಹಾಗೇ."

ದೊಮಿಂಗೊ ಟೋಪಿ ತೆಗೆದು ಅದರೊಳಗೆ ಏನೋ ಹುಡುಕುವವನಂತೆ ನೋಡಿದ. ಪೆಟ್ಟಿಗೆ ಕೆಳಗಿಳಿಯಿತು. ಮೊದಲ ಹಿಡಿ ಮಣ್ಣು ಹೆಂಡತಿಯದು ಎಂದು ಫಾದರ್ ಕೈ ತೋರಿಸಿದರು.

"ನೀವೇ ಹಾಕಿ ಫಾದರ್. ಅಲ್ಲಿ ಕುರಿಗಳು ಈಯ್ತಾ ಇವೆ."

ಅವಳು ಪಿಕಪ್ಪಿನ ಕಡೆ ನಡೆದಳು. ಪ್ರಾರ್ಥನೆ ಇನ್ನೂ ಅರ್ಧದಲ್ಲಿತ್ತು, ಹಾರ್ನ್ ಕೇಳಿಸಿತು. ಒಮ್ಮೆ, ಮತ್ತೊಮ್ಮೆ, ಉದ್ದಕ್ಕೆ. ಮೂವರು ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿ, ಲಂಗ ಎತ್ತಿ ಹಿಡಿದು ಓಡಿಹೋಗಿ ಹತ್ತಿದರು. ಹಿಂದಿನ ಚಕ್ರ ಒಂದೆರಡು ಸುತ್ತು ಸುಮ್ಮನೆ ತಿರುಗಿ, ಆಮೇಲೆ ನೆಲ ಕಚ್ಚಿತು. ಹಿಮ ಕರಗಿದ ಕೆಸರು ಗುಂಡಿಯ ಅಂಚಿನವರೆಗೂ ಹಾರಿ, ಬಿಳಿ ಹೂಮಾಲೆಗಳ ಮೇಲೆ ಪಟಪಟನೆ ಬಿತ್ತು.